ಕಲ್ಕತ್ತದ ಹಂಸರಥ: ಒಂದು ಪ್ರದರ್ಶನವಾಹನದ ಚರಿತ್ರೆ

೧

ವಾಹನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವೇಗ, ಶಕ್ತಿ, ಬೆಲೆ, ತಯಾರಾದ ಸಂಖ್ಯೆ ಇವುಗಳ ಲೆಕ್ಕವನ್ನು ಮುಂದಿಟ್ಟುಕೊಂಡು ಹೊರಡುತ್ತಾರೆ. ಜನವನ್ನೂ ಸರಕನ್ನೂ ಸಾಗಿಸುವುದಕ್ಕಾಗಿ ಹುಟ್ಟಿದ ವಾಹನಗಳ ವಿಷಯದಲ್ಲಿ ಈ ಕ್ರಮ ಯುಕ್ತವಾದುದೇ. ಆದರೆ ಸಾಗುವುದಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕಾಗಿಯೇ, ಒಬ್ಬನ ಅಪೇಕ್ಷೆಗೆ ಅನುಸಾರವಾಗಿ, ಒಂದೇ ಒಂದಾಗಿ ನಿರ್ಮಿತವಾದ ವಾಹನಗಳೂ ಉಂಟು. ಅವನ್ನು ಪ್ರದರ್ಶನವಾಹನಗಳೆಂದು ಕರೆಯಬಹುದು. ಅವುಗಳ ಸಾರ್ಥಕ್ಯವು ನೋಡುವವರ ಕಣ್ಣಿನಲ್ಲಿದೆ. ಆದಕಾರಣ ಅವುಗಳ ಚರಿತ್ರೆಯೆಂಬುದು ಮುಖ್ಯವಾಗಿ ನೋಟಕರ ಚರಿತ್ರೆ: ಯಾರು ನೋಡಿದರು, ಎಲ್ಲಿ ನಿಂತು ನೋಡಿದರು, ಒಲಿದು ನೋಡಿದರೋ ಬೆದರಿ ನೋಡಿದರೋ ಎಂಬ ಪ್ರಶ್ನೆಗಳು ಇಲ್ಲಿ ಯಂತ್ರವಿವರಗಳಷ್ಟೇ ಮುಖ್ಯವಾಗುತ್ತವೆ.

೧೯೧೦ರಲ್ಲಿ ಕಲ್ಕತ್ತ ನಗರದ ಬೀದಿಯಲ್ಲಿ ಕಾಣಿಸಿಕೊಂಡ, ಹಂಸದ ಆಕಾರದ ಮೋಟಾರುಗಾಡಿಯೊಂದು ಈ ವರ್ಗದ ವಾಹನಗಳಲ್ಲಿ ಜಗತ್ಪ್ರಸಿದ್ಧವಾದುದು. ಇಂದು ಅದು ಹಾಲೆಂಡಿನ ಹೇಗ್ ನಗರದ ಲೌಮನ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಕುರಿತು ಬರೆದವರು ಬಹುಮಟ್ಟಿಗೆ ಅದರ ವಿಚಿತ್ರಾಲಂಕಾರಗಳನ್ನೂ ಮಾಡಿಸಿದವನ ಹುಚ್ಚಾಟವನ್ನೂ ವರ್ಣಿಸಿ ಸುಮ್ಮನಾಗುತ್ತಾರೆ. ಅದು ಸಾಲದು. ಈ ವಾಹನವು ಮೂರು ಬಗೆಯ ನೋಟಕರ ಮುಂದೆ ಮೂರು ಬಾಳುಗಳನ್ನು ಬಾಳಿದೆ: ವಸಾಹತು ರಾಜಧಾನಿಯ ಬೀದಿಯಲ್ಲಿ ಒಂದು, ಪಂಜಾಬಿನ ಅರಸುಮನೆಯಲ್ಲಿ ಒಂದು, ಯೂರೋಪಿನ ಸಂಗ್ರಹಾಲಯದಲ್ಲಿ ಒಂದು. ಮೊದಲ ಬಾಳು ಬಹಳ ಮೊಟಕಾಗಿ ಮುಗಿಯಿತು. ಅದು ಏಕೆ ಹಾಗಾಯಿತು, ಅದರ ನೆನಪು ಉಳಿದ ಎರಡರಲ್ಲಿ ಹೇಗೆ ಮಸುಳಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ಇದನ್ನು ಮಾಡಿಸಿದವನು ರಾಬರ್ಟ್ ನಿಕಲ್ ಮ್ಯಾಥ್ಯೂಸನ್ ಎಂಬ ಎಂಜಿನಿಯರು. ಸ್ಕಾಟ್ಲೆಂಡಿನ ಮೂಲದವನಾದ ಈತ ಕಲ್ಕತ್ತದಲ್ಲಿ ನೆಲಸಿ ಸಿರಿವಂತನಾಗಿದ್ದನು. ವಾಹನವನ್ನು ನಿರ್ಮಿಸಿದವರು ಇಂಗ್ಲೆಂಡಿನ ಸಫಕ್ ಪ್ರಾಂತದ ಲೋವೆಸ್ಟಾಫ್ಟ್ ಎಂಬ ಕಡಲತಡಿಯ ಊರಿನ ಜೆ. ಡಬ್ಲ್ಯೂ. ಬ್ರೂಕ್ ಮತ್ತು ಕಂಪನಿಯವರು. ಈ ಸಂಸ್ಥೆಯು ೧೮೭೪ರಲ್ಲಿ ಎರಕದ ಕಾರ್ಖಾನೆಯಾಗಿ ಹುಟ್ಟಿ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೋಟಾರುಗಾಡಿಗಳನ್ನೂ ದೋಣಿಗಳಿಗೆ ಬೇಕಾದ ಎಂಜಿನ್ನುಗಳನ್ನೂ ಮಾಡತೊಡಗಿತು. ಮುಂದೆ ಗಾಡಿಗಳ ಕೆಲಸವನ್ನು ಬಿಟ್ಟು ಹಡಗು ದೋಣಿಗಳ ನಿರ್ಮಾಣದಲ್ಲಿಯೇ ಹೆಸರು ಪಡೆಯಿತು. ನೀರಿನ ಮೇಲೆ ತೇಲುವ ಪಕ್ಷಿಯ ಆಕೃತಿಯನ್ನು ನೆಲದ ಮೇಲೆ ಓಡುವ ಗಾಡಿಗೆ ತೊಡಿಸಬೇಕೆಂಬ ಕೆಲಸವು ದೋಣಿಗಳ ಬಳಕೆಯಿದ್ದ ಕುಶಲಿಗಳ ಕೈಗೆ ಬಂದುದು ಸಮಂಜಸವಾಗಿಯೇ ಇದೆ.

ವಾಹನದ ಅಡಿಗಟ್ಟು ಬ್ರೂಕ್ ಕಂಪನಿಯ ೨೫/೩೦ ಅಶ್ವಶಕ್ತಿಯ ಮಾದರಿಯದು. ಅದರ ಮೇಲೆ ಮರದಲ್ಲಿ ಕಡೆದ ಹಂಸದ ಒಡಲನ್ನು ಕೂರಿಸಿದ್ದಾರೆ. ಮುಂಭಾಗದಲ್ಲಿ ಎಂಜಿನ್ನಿನ ಮೇಲಿನಿಂದ ಕತ್ತು ಬಾಗಿ ಮೇಲೇಳುತ್ತದೆ. ಅದರ ತುದಿಯಲ್ಲಿ ತಲೆ, ಕೊಕ್ಕು. ಪಕ್ಕಗಳಲ್ಲಿ ಗರಿಗಳ ಕೆತ್ತನೆ. ಹಿಂಭಾಗದಲ್ಲಿ ಚಿನ್ನದ ರೇಕಿನಿಂದ ಬಿಡಿಸಿದ ಕಮಲದ ಚಿತ್ತಾರ. ಇದಕ್ಕೆ ತಗಲಿದ ವೆಚ್ಚವನ್ನು ಕೆಲವರು ೧೦,೦೦೦ ಪೌಂಡೆಂದೂ ಕೆಲವರು ೧೫,೦೦೦ ಪೌಂಡೆಂದೂ ಹೇಳುತ್ತಾರೆ. ಯಾವುದನ್ನು ಹಿಡಿದರೂ ಅದು ಆ ಕಾಲಕ್ಕೆ ಅಪಾರವಾದ ಹಣವೇ.

ಅಲಂಕಾರಕ್ಕಿಂತಲೂ ವಿಚಾರಯೋಗ್ಯವಾದುವು ಇದರೊಳಗಿನ ಯಂತ್ರೋಪಾಯಗಳು. ಹಂಸದ ಕಣ್ಣುಗಳಲ್ಲಿ ವಿದ್ಯುದ್ದೀಪಗಳಿವೆ. ಕತ್ತಲಾದ ಮೇಲೆ ಅವು ಹೊಳೆಯುತ್ತವೆ. ಎಂಜಿನ್ನಿನಿಂದ ಹೊರಬರುವ ಹೊಗೆಯ ಒತ್ತಡದಿಂದ ನುಡಿಯುವ, ಎಂಟು ಸ್ವರಗಳುಳ್ಳ ಕೊಂಬು ಒಂದುಂಟು; ಅದನ್ನು ಹಿಂದಿನ ಆಸನದಲ್ಲಿ ಕುಳಿತವರು ಹಾರ್ಮೋನಿಯಮ್ಮಿನ ರೀತಿಯ ಕೀಲಿಮಣೆಯಿಂದ ನುಡಿಸಬಹುದು. ಚಾಲಕನಿಗೆ ಅಪ್ಪಣೆ ಕೊಡುವುದಕ್ಕೆ, ಹಡಗಿನ ಮೇಲಟ್ಟದಿಂದ ಎಂಜಿನ್ ಕೋಣೆಗೆ ಸಂಜ್ಞೆ ಕಳುಹಿಸುವ ಟೆಲಿಗ್ರಾಫ್ ಉಪಕರಣವನ್ನೇ ಅಳವಡಿಸಲಾಗಿತ್ತು. ಚಕ್ರದ ರಬ್ಬರಿಗೆ ಮೆತ್ತಿಕೊಳ್ಳುವ ಆನೆಯ ಲದ್ದಿಯನ್ನು ಗುಡಿಸಿ ತೆಗೆಯಲು ಬ್ರಷ್‌ಗಳನ್ನು ಹಾಕಿದ್ದರು. ಹಿಂಭಾಗದ ಕವಾಟವೊಂದನ್ನು ತೆರೆದರೆ ಸುಣ್ಣದ ನೀರು ರಸ್ತೆಯ ಮೇಲೆ ಬೀಳುತ್ತಿತ್ತು. ಜೀವಂತ ಪಕ್ಷಿಯೇ ಹಿಕ್ಕೆ ಹಾಕಿತೆಂಬ ಭ್ರಮೆಯನ್ನು ಹುಟ್ಟಿಸುವುದು ಇದರ ಉದ್ದೇಶ. ಕಡೆಯದಾಗಿ, ಕೊಕ್ಕು. ಇದು ಎಂಜಿನ್ನನ್ನು ತಂಪುಗೊಳಿಸುವ ನೀರಿನ ವ್ಯವಸ್ಥೆಗೆ ಜೋಡಣೆಯಾಗಿದ್ದು, ಚಾಲಕನು ಬೇಕೆಂದಾಗ ಬಾಯ್ದೆರೆದು, ದಾರಿಗೆ ಅಡ್ಡವಾದ ಜನರ ಮೇಲೆ ಹಬೆಯನ್ನು ಉಗುಳುವಂತೆ ಏರ್ಪಾಡಾಗಿತ್ತು.

ಈ ಉಪಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೊಂಬು, ಕಣ್ಣು, ಸುಣ್ಣದ ನೀರು ಇವೆಲ್ಲ ನೋಟಕರನ್ನು ಸೆಳೆಯುವುದಕ್ಕಾಗಿ ಇರುವುವು. ಹಬೆಯ ಕೊಕ್ಕು ನೋಟಕರನ್ನು ಚದುರಿಸುವುದಕ್ಕಾಗಿ ಇರುವುದು. ಒಂದೇ ವಾಹನವು ಜನವನ್ನು ಬಾ ಎಂದೂ ಹೋಗು ಎಂದೂ ಏಕಕಾಲದಲ್ಲಿ ಹೇಳುತ್ತಿತ್ತು. ಇದರ ಮುಂದಿನ ಗತಿಗೆ ಈ ವಿರೋಧವೇ ಬೀಜವೆಂದು ನನ್ನ ಅಭಿಪ್ರಾಯ.

೩

ಹಂಸದ ರೂಪವನ್ನೇ ಆರಿಸಿಕೊಂಡುದೇಕೆ? ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಹಂಸವಾಹನದ ಕಲ್ಪನೆ ಜನಪ್ರಿಯವಾಗಿತ್ತು. ೧೮೫೦ರಲ್ಲಿ ವೈಮಾರ್ ನಗರದಲ್ಲಿ ಮೊದಲು ಪ್ರಯೋಗಗೊಂಡ ವಾಗ್ನರನ ‘ಲೋಹೆನ್‌ಗ್ರಿನ್’ ಸಂಗೀತನಾಟಕದಲ್ಲಿ ನಾಯಕನು ಹಂಸವು ಎಳೆಯುವ ದೋಣಿಯಲ್ಲಿ ಬರುತ್ತಾನೆ. ಈ ಕಥೆಗೆ ಮನಸೋತ ಬವೇರಿಯದ ಅರಸ ಎರಡನೆಯ ಲೂಡ್ವಿಗನು ತನ್ನ ಅರಮನೆಗಳಲ್ಲಿ ಹಂಸದ ಚಿಹ್ನೆಯನ್ನು ತುಂಬಿದನು. ಅಮೆರಿಕದ ಬಾಸ್ಟನ್ ನಗರದ ಉದ್ಯಾನದ ಕೊಳದಲ್ಲಿ ೧೮೭೭ರಿಂದ ನಡೆದುಬಂದಿರುವ ಹಂಸದೋಣಿಗಳಿಗೂ ಇದೇ ನಾಟಕ ಸ್ಫೂರ್ತಿ. ಹೀಗೆ ಹಂಸವನ್ನೇರಿ ಹೊರಡುವುದು ಪಾಶ್ಚಾತ್ಯರಿಗೆ ಒಂದು ವಿನೋದಕಲ್ಪನೆಯಾಗಿತ್ತು.

ಆದರೆ ಗಾಡಿ ಓಡಬೇಕಾಗಿದ್ದುದು ಭಾರತದಲ್ಲಿ. ನಮ್ಮವರಿಗೆ ಹಂಸವು ಬ್ರಹ್ಮನ ವಾಹನ, ಸರಸ್ವತಿಯ ವಾಹನ. ನೀರನ್ನು ಬಿಟ್ಟು ಹಾಲನ್ನು ಆಯ್ದುಕೊಳ್ಳುವ ವಿವೇಕದ ಸಂಕೇತ. ವಂಗದೇಶದಲ್ಲಿಯಂತೂ ವಸಂತಪಂಚಮಿಯ ದಿನ ಮನೆಮನೆಯಲ್ಲಿಯೂ ಪಾಠಶಾಲೆಗಳಲ್ಲಿಯೂ ಪೂಜೆಗೊಳ್ಳುವ ಸರಸ್ವತಿಯ ಪದತಲದಲ್ಲಿ ಹಂಸವಿರುತ್ತದೆ. ಪಕ್ಷಿಮುಖದ ವಾಹನವೂ ಅಲ್ಲಿಯವರಿಗೆ ಹೊಸತಲ್ಲ: ನವಿಲಿನ ತಲೆಯುಳ್ಳ ‘ಮಯೂರಪಂಖಿ’ ದೋಣಿಗಳು ಬಂಗಾಳದ ನದಿಗಳಲ್ಲಿ ಸಿರಿವಂತರ ವೈಭವಕ್ಕೆ ಸಾಧನವಾಗಿದ್ದುವು. ಹಂಸದ ಗಾಡಿಯ ಹಿಂಭಾಗದಲ್ಲಿ ಕಮಲವನ್ನು ಚಿತ್ರಿಸಿದುದನ್ನು ನೋಡಿದರೆ, ಮಾಡಿಸಿದವನಿಗೆ ಈ ದೇಶದ ಸಂಕೇತಗಳ ಪರಿಚಯ ಸ್ವಲ್ಪಮಟ್ಟಿಗಾದರೂ ಇದ್ದಿತೆಂದು ಊಹಿಸಬಹುದು. ಎರಡು ಸಂಪ್ರದಾಯಗಳು ಈ ಮರದ ಒಡಲಿನಲ್ಲಿ ಕೂಡಿವೆ. ಒಂದಕ್ಕೆ ಅದು ವಿನೋದ. ಇನ್ನೊಂದಕ್ಕೆ ಅದು ಪೂಜ್ಯ.

೪

೧೯೧೦ರ ಕಲ್ಕತ್ತ ಬ್ರಿಟಿಷ್ ಭಾರತದ ರಾಜಧಾನಿ. ರಾಜಧಾನಿಯನ್ನು ದಿಲ್ಲಿಗೆ ಒಯ್ಯುವರೆಂಬ ಘೋಷಣೆ ಹೊರಟಿದ್ದು ಮರುವರ್ಷ, ೧೯೧೧ರ ಡಿಸೆಂಬರಿನಲ್ಲಿ. ಬಂಗಾಳದ ವಿಭಜನೆಯಾಗಿ ಐದು ವರ್ಷಗಳಾಗಿದ್ದುವು. ಸ್ವದೇಶಿ ಚಳವಳಿಯ ಕಾವು ಇನ್ನೂ ಆರಿರಲಿಲ್ಲ. ನಗರದ ಬೀದಿಗಳಲ್ಲಿ ಎತ್ತಿನ ಗಾಡಿ, ಕುದುರೆಗಾಡಿ, ಪಲ್ಲಕ್ಕಿ, ಹೊರೆಯಾಳುಗಳ ನಡುವೆ ೧೯೦೨ರಿಂದ ವಿದ್ಯುತ್ ಟ್ರಾಮುಗಳು ಓಡುತ್ತಿದ್ದುವು. ಮೋಟಾರುಗಾಡಿಗಳು ಇದ್ದರೂ ವಿರಳ. ಮೋಟಾರುಗಳಿಗಾಗಿ ಇಡೀ ಭಾರತಕ್ಕೆ ಅನ್ವಯಿಸುವ ಶಾಸನ ಬಂದದ್ದು ೧೯೧೪ರಲ್ಲಿ.

ಇಂಥ ಬೀದಿಯಲ್ಲಿ ಮ್ಯಾಥ್ಯೂಸನ್ನನ ಹಂಸವು ಮೊದಲ ಸಲ ಹೊರಟಾಗ ಜನರಲ್ಲಿ ಗಾಬರಿ ಹುಟ್ಟಿ, ಗೊಂದಲವಾಗಿ, ಪೊಲೀಸರು ನಡುವೆ ಬರಬೇಕಾಯಿತು. ಇನ್ನು ಮುಂದೆ ಅದು ಬೀದಿಗೆ ಬರಕೂಡದೆಂದು ತಡೆದರೆಂಬುದು ಪರಂಪರೆಯಿಂದ ಬಂದಿರುವ ವೃತ್ತಾಂತ. ಈ ಘಟನೆಯನ್ನು ಹೇಳುವವರು ಸಾಮಾನ್ಯವಾಗಿ ನಗುತ್ತ ಹೇಳುತ್ತಾರೆ: ಯಂತ್ರವನ್ನು ಕಾಣದ ಮುಗ್ಧಜನ ಯಂತ್ರದ ಹಕ್ಕಿಯನ್ನು ಕಂಡು ಬೆದರಿತು ಎಂಬುದು ಅವರ ಧಾಟಿ. ಈ ವ್ಯಾಖ್ಯಾನವನ್ನು ಒಪ್ಪುವುದು ಕಷ್ಟ. ಎಂಟು ವರ್ಷಗಳಿಂದ ವಿದ್ಯುತ್ ಟ್ರಾಮಿನಲ್ಲಿ ಓಡಾಡುತ್ತಿದ್ದ ನಗರದ ಜನ ಯಂತ್ರವೆಂಬ ಕಾರಣಕ್ಕೇ ಹೆದರಿದರೆನ್ನುವುದು ಯುಕ್ತಿಗೆ ಹೊಂದುವುದಿಲ್ಲ. ಪಕ್ಷಿಯ ಆಕೃತಿಗೆ ಹೆದರಿದರೆನ್ನುವುದಕ್ಕೂ ಆಧಾರವಿಲ್ಲ. ವಾಹನಗಳ ಮೇಲೆ ದೇವರನ್ನು ಹೊತ್ತು ಮೆರೆಸುವ ದೇಶವಿದು.

ಬೇರೊಂದು ಕಡೆಯಿಂದ ವಿಚಾರಿಸೋಣ. ಭಾರತದ ಬೀದಿಗೆ ಪ್ರದರ್ಶನವಾಹನ ಅಪರಿಚಿತವಾದುದಲ್ಲ. ತೇರು, ಹಂಸವಾಹನ, ಗರುಡವಾಹನ, ಅಂಬಾರಿ ಇವೆಲ್ಲ ನೋಡಲೆಂದೇ ಮಾಡಿದವು. ಆದರೆ ಅವುಗಳಿಗೂ ಬೀದಿಯ ಜನಕ್ಕೂ ನಡುವೆ ಒಂದು ಒಪ್ಪಂದವಿದೆ. ಉತ್ಸವಕ್ಕೆ ತಿಥಿ ಗೊತ್ತಾಗಿರುತ್ತದೆ, ದಾರಿ ಗೊತ್ತಾಗಿರುತ್ತದೆ. ವಾದ್ಯ, ಕಹಳೆ, ದೀವಟಿಗೆಗಳು ಮುಂದೆ ಬಂದು ವಾಹನ ಬರುತ್ತಿದೆಯೆಂದು ತಿಳಿಸುತ್ತವೆ. ನೋಡುವವನೂ ಅದರಲ್ಲಿ ಭಾಗಿ: ಅವನು ತೇರಿನ ಮಿಣಿಗೆ ಕೈ ಹಚ್ಚುತ್ತಾನೆ, ಹಣ್ಣು ದವನವನ್ನು ಎಸೆಯುತ್ತಾನೆ, ಕೈ ಮುಗಿಯುತ್ತಾನೆ. ಮೈಸೂರಿನ ದಸರೆಯ ಮೆರವಣಿಗೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಬಾರಿಗೆ ಜನ ದಾರಿ ಬಿಡುವುದು ಬಲವಂತದಿಂದಷ್ಟೇ ಅಲ್ಲ. ಆ ದಿನ ಆ ದಾರಿ ಅದರದೆಂದು ಎಲ್ಲರೂ ಒಪ್ಪಿರುವುದರಿಂದ.

ಮ್ಯಾಥ್ಯೂಸನ್ನನ ಹಂಸಕ್ಕೆ ಇವು ಯಾವುವೂ ಇರಲಿಲ್ಲ. ಅದು ಉತ್ಸವದ ಹೊರರೂಪವನ್ನು ತೆಗೆದುಕೊಂಡು ಅದರ ಒಪ್ಪಂದವನ್ನು ಬಿಟ್ಟಿತು. ದೇವತೆಯ ವಾಹನದ ಮೇಲೆ ದೇವತೆಯಿರಲಿಲ್ಲ, ಸಿರಿವಂತನಾದ ಖಾಸಗಿ ಗೃಹಸ್ಥನಿದ್ದನು. ತಿಥಿ ಅವನ ಇಚ್ಛೆ, ದಾರಿ ಅವನ ಇಚ್ಛೆ. ದಾರಿ ಬಿಡಿರೆಂದು ಕೇಳುವ ಕಹಳೆಯ ಸ್ಥಾನದಲ್ಲಿ ಬಿಸಿಹಬೆ ಬಂದಿತು. ನಡೆದು ಹೋಗುವವನ ಮೇಲೆ ಹಬೆ ಬಿಡುವ ಸಾಧನವನ್ನು ವಿನೋದವೆಂದು ಎಣಿಸಲು, ಬಿಡುವವನಿಗೂ ಮೈಯೊಡ್ಡುವವನಿಗೂ ನಡುವೆ ಬಹು ದೊಡ್ಡ ಅಂತರವಿರಬೇಕು. ೧೯೧೦ರ ಕಲ್ಕತ್ತದಲ್ಲಿ ಆ ಅಂತರವಿತ್ತು. ಬೀದಿಯ ಜನದ ಗಾಬರಿಯಲ್ಲಿ ನಾವು ಕಾಣಬೇಕಾದುದು ಮೌಢ್ಯವನ್ನಲ್ಲ, ಒಪ್ಪಿಗೆಯ ನಿರಾಕರಣವನ್ನು. ಬೀದಿಯು ಎಲ್ಲರಿಗೂ ಸೇರಿದ್ದು. ಅದನ್ನು ಒಬ್ಬನ ರಂಗಸ್ಥಳವನ್ನಾಗಿ ಮಾಡುವುದಕ್ಕೆ ಬೀದಿಯೇ ಒಪ್ಪಲಿಲ್ಲ. ಯಾರ ಆಡಳಿತದ ಬಲದ ಮೇಲೆ ಮ್ಯಾಥ್ಯೂಸನ್ನನು ಇಂಥ ಆಟಕ್ಕೆ ಹೊರಟನೋ ಆ ಆಡಳಿತದ ಪೊಲೀಸರೇ ಅವನಿಗೆ ಅಡ್ಡಬರಬೇಕಾಯಿತೆಂಬುದು ಗಮನಿಸತಕ್ಕ ವಿಷಯ.

೫

ಬೀದಿಯಲ್ಲಿ ಸಲ್ಲದ ಹಂಸವು ಮುಂದೆ ಮಾರಾಟವಾಗಿ ನಾಭಾ ಸಂಸ್ಥಾನದ ಮಹಾರಾಜರ ವಶಕ್ಕೆ ಬಂದಿತು. ಪಟಿಯಾಲ, ಜೀಂದ್ ಇವುಗಳೊಡನೆ ಫೂಲ್ಕಿಯಾ ಮನೆತನಕ್ಕೆ ಸೇರಿದ ನಾಭಾ, ಪಂಜಾಬಿನ ಸಿಖ್ ಸಂಸ್ಥಾನಗಳಲ್ಲೊಂದು. ಅಲ್ಲಿ ಹಂಸಕ್ಕೆ ಒಂದು ಮರಿಯೂ ಹುಟ್ಟಿತು: ದೊಡ್ಡದರ ಮಾದರಿಯಲ್ಲಿಯೇ, ಆದರೆ ವಿದ್ಯುತ್ತಿನಿಂದ ಓಡುವ, ಚಿಕ್ಕ ಹಂಸದ ಗಾಡಿಯೊಂದನ್ನು ನಾಭಾದ ಅರಸರು ಮಾಡಿಸಿದರು. ಮೂಲವನ್ನು ವಿನೋದವಾಗಿ ನೋಡಿದ್ದರೆ ಇನ್ನೊಂದನ್ನು ಮಾಡಿಸುವ ಬಯಕೆ ಹುಟ್ಟುತ್ತಿರಲಿಲ್ಲ. ವಾಹನವೈಭವವು ಅರಸುತನದ ಸಹಜಲಕ್ಷಣವಾಗಿದ್ದ ಮನೆಯಲ್ಲಿ ಹಂಸಕ್ಕೆ ಮೊದಲ ಬಾರಿಗೆ ತಕ್ಕ ನೋಟಕರು ದೊರೆತರು.

ಎಪ್ಪತ್ತಕ್ಕೂ ಮಿಕ್ಕಿದ ವರ್ಷ ಹಂಸವು ಆ ಮನೆತನದಲ್ಲಿತ್ತು. ಈ ಅವಧಿಯಲ್ಲಿ ಆ ಮನೆತನದ ಮೇಲೆ ಬಂದುಹೋದ ಕಾಲದ ಅಲೆಗಳನ್ನು ನೆನೆಯದೆ ವಾಹನದ ಚರಿತ್ರೆಯನ್ನು ಬರೆಯುವಂತಿಲ್ಲ. ೧೯೧೧ರಲ್ಲಿ ಪಟ್ಟಕ್ಕೆ ಬಂದ ರಿಪುದಮನಸಿಂಹರು ಅರಸನಾಗುವ ಮೊದಲೇ ವೈಸರಾಯಿಯ ಶಾಸನಸಭೆಯಲ್ಲಿ ಸದಸ್ಯರಾಗಿದ್ದು, ಸಿಖ್ಖರ ಆನಂದವಿವಾಹದ ಮಸೂದೆಯನ್ನು ಮಂಡಿಸಿದವರು. ಅದು ೧೯೦೯ರಲ್ಲಿ ಶಾಸನವಾಯಿತು. ಅವರ ಸ್ವತಂತ್ರಪ್ರವೃತ್ತಿ ಬ್ರಿಟಿಷ್ ಸರ್ಕಾರಕ್ಕೆ ಸಹ್ಯವಾಗಲಿಲ್ಲ. ಪಟಿಯಾಲದೊಡನೆ ಬೆಳೆದ ವ್ಯಾಜ್ಯವೂ ಸೇರಿ, ೧೯೨೩ರ ಜುಲೈಯಲ್ಲಿ ಅವರು ಸಿಂಹಾಸನವನ್ನು ಬಿಟ್ಟುಕೊಡಬೇಕಾಯಿತು. ಅವರ ಪರವಾಗಿ ಅಕಾಲಿಗಳು ಜೈತೋ ಎಂಬಲ್ಲಿ ಹೂಡಿದ ಸತ್ಯಾಗ್ರಹವನ್ನು ನೋಡಲು ಹೋದ ಜವಾಹರಲಾಲ ನೆಹರೂ ಅವರು ಅದೇ ವರ್ಷ ನಾಭಾದ ಸೆರೆಮನೆಯಲ್ಲಿರಬೇಕಾಗಿ ಬಂದುದು ಸ್ವಾತಂತ್ರ್ಯಹೋರಾಟದ ಇತಿಹಾಸದಲ್ಲಿ ಪ್ರಸಿದ್ಧವಾದ ಸಂಗತಿ. ರಿಪುದಮನಸಿಂಹರು ಕಡೆಗೆ ದಕ್ಷಿಣದ ಕೊಡೈಕಾನಲಿಗೆ ಗಡೀಪಾರಾಗಿ ೧೯೪೨ರಲ್ಲಿ ಅಲ್ಲಿಯೇ ತೀರಿಕೊಂಡರು.

೧೯೪೮ರಲ್ಲಿ ನಾಭಾ ಸಂಸ್ಥಾನವು ಇತರ ಏಳರೊಡನೆ ಕೂಡಿ ‘ಪೆಪ್ಸು’ ಎಂದು ಹೆಸರಾದ ಪಟಿಯಾಲ ಮತ್ತು ಪೂರ್ವ ಪಂಜಾಬ್ ಸಂಸ್ಥಾನಗಳ ಒಕ್ಕೂಟದಲ್ಲಿ ಸೇರಿತು. ಆ ಒಕ್ಕೂಟವು ೧೯೫೬ರ ನವೆಂಬರ್ ೧ರಂದು, ಎಂದರೆ ಕನ್ನಡನಾಡು ಏಕೀಕೃತವಾದ ದಿನದಂದೇ, ಪಂಜಾಬಿನಲ್ಲಿ ವಿಲೀನವಾಯಿತು. ೧೯೭೧ರಲ್ಲಿ ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿಯಿಂದ ಅರಸರ ರಾಜಧನವೂ ರದ್ದಾಯಿತು. ರಾಜ್ಯವಿಲ್ಲದ ಅರಸನಿಗೆ ಮೆರವಣಿಗೆಯಿಲ್ಲ, ಮೆರವಣಿಗೆಯಿಲ್ಲದ ವಾಹನಕ್ಕೆ ನೋಟಕರಿಲ್ಲ. ದೇಶದ ಎಷ್ಟೋ ಅರಮನೆಗಳ ಗಾಡಿಗಳು ಈ ಕಾಲದಲ್ಲಿ ಕೈಬದಲಾದುವು.

೬

೧೯೯೦ರ ದಶಕದ ಆದಿಯಲ್ಲಿ ಹಾಲೆಂಡಿನ ಲೌಮನ್ ಮನೆತನದವರು ಹಂಸವನ್ನು ನಾಭಾದ ಅರಸುಮನೆತನದವರಿಂದ ಕೊಂಡುಕೊಂಡರು. ೧೯೩೪ರಲ್ಲಿ ಹಳೆಯ ಡಾಜ್ ಗಾಡಿಯೊಂದನ್ನು ಕೊಂಡು ಪ್ರಾರಂಭವಾದ ಈ ಮನೆತನದ ಸಂಗ್ರಹವು ಇಂದು ಜಗತ್ತಿನ ಹಿರಿಯ ಮೋಟಾರು ಸಂಗ್ರಹಗಳಲ್ಲಿ ಒಂದು. ಅವರು ತಮ್ಮಲ್ಲಿದ್ದ ಹಳೆಯ ದಾಖಲೆಗಳನ್ನು ಅನುಸರಿಸಿ ಹಂಸವನ್ನು ಮೂಲರೂಪಕ್ಕೆ ತಂದರು. ಮರಿಹಂಸವನ್ನೂ ಅದರ ಜೊತೆಯಲ್ಲಿಟ್ಟರು. ೨೦೧೦ರಲ್ಲಿ ಹೇಗ್ ನಗರದಲ್ಲಿ ಈ ಸಂಗ್ರಹಕ್ಕೆ ಹೊಸ ಕಟ್ಟಡವಾಯಿತು. ಅದು ಈ ವಾಹನಕ್ಕೆ ನೂರು ತುಂಬಿದ ವರ್ಷವೂ ಹೌದು.

ಈ ನೂರು ಎಂಬ ಸಂಖ್ಯೆಗೆ ನಮ್ಮ ದೇಶದ ದೃಷ್ಟಿಯಿಂದ ವಿಶೇಷವಾದ ಅರ್ಥವಿದೆ. ಭಾರತದ ೧೯೭೨ರ ಪ್ರಾಚೀನವಸ್ತು ಮತ್ತು ಕಲಾನಿಧಿ ಶಾಸನವು, ಕೈಬರಹದ ಗ್ರಂಥಗಳೇ ಮೊದಲಾದವನ್ನು ಬಿಟ್ಟರೆ, ಕನಿಷ್ಠ ನೂರು ವರ್ಷ ತುಂಬಿದ ವಸ್ತುವನ್ನು ಮಾತ್ರ ಪ್ರಾಚೀನವಸ್ತುವೆಂದು ಪರಿಗಣಿಸುತ್ತದೆ. ಹಂಸವು ಕೈಬದಲಾದಾಗ ಅದರ ವಯಸ್ಸು ಎಂಬತ್ತರ ಆಸುಪಾಸು. ಆ ಶಾಸನದ ಕಣ್ಣಿಗೆ ಅದು ಒಂದು ಹಳೆಯ ಗಾಡಿ ಮಾತ್ರ. ಕೊಂಡವರನ್ನು ದೂರುವುದು ಅನ್ಯಾಯವಾದೀತು. ಅವರ ಶ್ರದ್ಧೆಯಿಂದಲೇ ವಾಹನ ಇಂದಿಗೂ ಉಳಿದಿದೆ. ನಮ್ಮ ಚಿಂತೆಗೆ ಕಾರಣವಾಗಬೇಕಾದುದು ಬೇರೆ: ಇಪ್ಪತ್ತನೆಯ ಶತಮಾನದ ವಸ್ತುಗಳೂ ಚರಿತ್ರೆಯ ಸಾಕ್ಷಿಗಳೆಂಬ ಭಾವನೆ ನಮ್ಮಲ್ಲಿ ತಡವಾಗಿ ಮೂಡಿತು. ಶಿಲಾಶಾಸನವನ್ನು ಕಾಪಾಡಲು ಕಲಿತಂತೆ ಯಂತ್ರವನ್ನು ಕಾಪಾಡಲು ನಾವು ಕಲಿಯಲಿಲ್ಲ.

ಪ್ರದರ್ಶನವಾಹನಕ್ಕೆ ನೋಟಕರ ಒಪ್ಪಿಗೆಯೇ ಆಯುಸ್ಸೆಂಬುದನ್ನು ಬೇರೊಂದು ದೇಶದ ಉದಾಹರಣೆ ಸ್ಪಷ್ಟಪಡಿಸುತ್ತದೆ. ಅಮೆರಿಕದ ಫೋರ್ಡ್ ಸಂಸ್ಥೆಯ ಲಿಂಕನ್ ವಿಭಾಗವು ಇಟಲಿಯ ಟ್ಯೂರಿನ್ ನಗರದ ಘಿಯಾ ಕಾರ್ಖಾನೆಯಲ್ಲಿ ಮಾಡಿಸಿ ೧೯೫೫ರಲ್ಲಿ ಪ್ರದರ್ಶಿಸಿದ ‘ಫ್ಯೂಚುರ’ ಎಂಬ ಗಾಡಿಯು ಕೆಲವು ವರ್ಷಗಳಲ್ಲಿಯೇ ಮೂಲೆಗೆ ಬಿದ್ದಿತು. ಜಾರ್ಜ್ ಬ್ಯಾರಿಸ್ ಎಂಬ ಕುಶಲಿ ಅದನ್ನು ಪಡೆದು, ೧೯೬೬ರ ಜನವರಿಯಲ್ಲಿ ಮೊದಲಾದ ‘ಬ್ಯಾಟ್‌ಮನ್’ ದೂರದರ್ಶನ ಮಾಲಿಕೆಗಾಗಿ ಬಾವಲಿಯ ಆಕಾರಕ್ಕೆ ಮಾರ್ಪಡಿಸಿದನು. ೨೦೧೩ರಲ್ಲಿ ಅದು ಹರಾಜಿನಲ್ಲಿ ೪೬ ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಗಾಡಿಯ ಎಂಜಿನ್ನಿಗಾಗಿ ಯಾರೂ ಅಷ್ಟು ಹಣ ಕೊಡಲಿಲ್ಲ. ಮನೆಯಲ್ಲಿ ಕುಳಿತು ತಾವಾಗಿ ನೋಡಿ ಮೆಚ್ಚಿದ ಲಕ್ಷಾಂತರ ಮಕ್ಕಳ ನೆನಪಿಗಾಗಿ ಕೊಟ್ಟರು. ಆ ಬಾವಲಿಯೂ ಬೆಂಕಿ ಹೊಗೆಗಳನ್ನು ಉಗುಳುತ್ತಿತ್ತು. ಆದರೆ ಅದು ನೋಟಕನ ಮೇಲೆ ಬೀಳುತ್ತಿರಲಿಲ್ಲ.

೭

ಹೇಗ್ ನಗರದಲ್ಲಿ ಇಂದು ಹಂಸವನ್ನು ನೋಡುವವನು ಹಣ ಕೊಟ್ಟು, ಇಷ್ಟಪಟ್ಟು, ಬಂದು ನೋಡುತ್ತಾನೆ. ಅವನ ಮೇಲೆ ಹಬೆ ಬರುವುದಿಲ್ಲ. ದಾರಿ ಬಿಡಬೇಕಾದ ಪ್ರಮೇಯವೂ ಇಲ್ಲ. ಹೀಗಾಗಿ ಕೊಕ್ಕಿನ ಹಬೆ ಅವನಿಗೆ ಒಂದು ಸೋಜಿಗದ ಸಂಗತಿಯಾಗಿ ತೋರುತ್ತದೆ. ತಪ್ಪೇನೂ ಇಲ್ಲ. ಆದರೆ ಅದು ಅರ್ಧಚರಿತ್ರೆ. ಉಳಿದರ್ಧವು ಕಲ್ಕತ್ತದ ಬೀದಿಯಲ್ಲಿ ಬದಿಗೆ ಸರಿದು ನಿಂತವರಿಗೆ ಸೇರಿದ್ದು.

ಮಾಡಿಸಿದವನ ಹೆಸರು, ಕಂಪನಿಯ ಹೆಸರು, ಕೊಂಡ ಅರಸುಮನೆಯ ಹೆಸರು, ಎಲ್ಲವೂ ದಾಖಲೆಗಳಲ್ಲಿವೆ. ಹಬೆಗೆ ಮುಖವೊಡ್ಡಿದವರು ‘ಗುಂಪು’ ಎಂಬ ಒಂದೇ ಶಬ್ದದಲ್ಲಿ ಅಡಗಿದ್ದಾರೆ. ಆ ಕಾಲದ ಬಂಗಾಳಿ ಪತ್ರಿಕೆಗಳು, ನಗರದ ಪೊಲೀಸ್ ಕಡತಗಳು, ಸ್ಮೃತಿಗ್ರಂಥಗಳು ಇವುಗಳನ್ನು ಬೀದಿಯ ಕಡೆಯಿಂದ ಓದುವ ಕೆಲಸ ಮುಂದಿನ ಸಂಶೋಧಕರಿಗೆ ಕಾದಿದೆ. ಪ್ರದರ್ಶನವಾಹನವೊಂದರ ಚರಿತ್ರೆಯು ವಾಹನದೊಳಗೆ ಕುಳಿತವನಿಂದ ಮಾತ್ರ ಪೂರ್ಣವಾಗುವುದಿಲ್ಲ. ಹಂಸವು ನೀರನ್ನೂ ಹಾಲನ್ನೂ ಬೇರ್ಪಡಿಸಬಲ್ಲುದೆಂದು ನಮ್ಮ ಹಿರಿಯರು ನಂಬಿದ್ದರು. ಕಲ್ಕತ್ತದ ಹಂಸದ ವಿಷಯದಲ್ಲಿ, ಬೆರಗಿನಿಂದ ದರ್ಪವನ್ನು ಬೇರ್ಪಡಿಸುವ ಆ ಕೆಲಸ ಚರಿತ್ರಕಾರನ ಪಾಲಿಗೆ ಬಂದಿದೆ.